ಏಳು ಸಮುದ್ರದಾಚೆಯ ಗಿಳಿ ತರಗತಿಗೆ ಬರಲಿ

ಬಾಲನಾಗಮ್ಮನನ್ನು ಹೊತ್ತೊಯ್ದ ಮಾಯಲ ಫಕೀರನನ್ನು ಕತ್ತಿಯಿಂದ ಕೊಲ್ಲಲಾಗದು. ಅವನ ಪ್ರಾಣ ಅವನ ಮೈಯಲ್ಲಿಲ್ಲ. ಏಳು ಸಮುದ್ರದಾಚೆ, ಆಲದ ಮರದ ಪೊಟರೆಯಲ್ಲಿ ಕುಳಿತ ಗಿಳಿಯಲ್ಲಿದೆ. ಅದನ್ನು ಹುಡುಕಿ ಹೊರಡುವವನು ತಾಯಿಯನ್ನು ಬಿಡಿಸಿ ತರಲೇಬೇಕೆಂದು ಹಟ ಹಿಡಿದ ಒಬ್ಬ ಹುಡುಗ. ತೆಲುಗು, ಕನ್ನಡ ಎರಡೂ ಬೆರೆತ ಬಳ್ಳಾರಿ ಸೀಮೆಯಲ್ಲಿ ಈ ಕಥೆ ಬುರ್ರಕಥೆಯಾಗಿ, ಸಿನಿಮಾ ಆಗಿ, ರಾತ್ರಿ ಊಟದ ನಂತರದ ಮಾತಾಗಿ ತಲೆಮಾರುಗಳನ್ನು ದಾಟಿದೆ. 1966ರಲ್ಲಿ ರಾಜ್‌ಕುಮಾರ್ ಅಭಿನಯದ ಕನ್ನಡ ಚಿತ್ರವೂ ಬಂತು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿತವರಲ್ಲ. ಹನ್ನೆರಡು ಜನಪದ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದ ಆ ನಾಡೋಜರ ಬತ್ತಳಿಕೆಯಲ್ಲಿ ಬಾಲನಾಗಮ್ಮನೂ ಇದ್ದಳು. 2014ರಲ್ಲಿ ಈರಮ್ಮ ತೀರಿಕೊಂಡರು.

ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ಬಂದದ್ದು 1997ರಲ್ಲಿ. ಆ ಸರಣಿಯಲ್ಲಿಯೂ ದುಷ್ಟ ಮಾಂತ್ರಿಕ ತನ್ನ ಪ್ರಾಣವನ್ನು ಚೂರು ಮಾಡಿ ಡೈರಿ, ಉಂಗುರ, ಲಾಕೆಟ್ಟುಗಳಲ್ಲಿ ಬಚ್ಚಿಟ್ಟಿರುತ್ತಾನೆ. ಅಲ್ಲಿಯೂ ಅದನ್ನು ಹುಡುಕಿ ಹೊರಡುವವನು ಒಬ್ಬ ಹುಡುಗ. ಬಾಲನಾಗಮ್ಮನ ಕಥೆ ಕೇಳಿ ಬೆಳೆದ ಸಿರುಗುಪ್ಪದ ಅಜ್ಜಿಗೆ ಇದನ್ನು ಹೇಳಿದರೆ ಹೊಸದೇನೂ ಅನಿಸಲಾರದು.

ಈ ಎರಡು ಕಥೆಗಳನ್ನು ಒಟ್ಟಿಗೆ ನೆನೆಯಲು ಕಾರಣವಿದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಶಿಕ್ಷಕರು ತಮಗೆ ಪ್ರಿಯವಾದ ಕಲ್ಪನಾಲೋಕದ ಪುಸ್ತಕವೊಂದನ್ನು ಹಿಡಿದು ಇಡೀ ತರಗತಿಯನ್ನೇ ಅದರಂತೆ ಸಿಂಗರಿಸುವ ರೂಢಿ ವರ್ಷಗಳಿಂದ ಇದೆ. ಚಾವಣಿಯಿಂದ ತೂಗುವ ಮೇಣದ ಬತ್ತಿಗಳು, ಬಾಗಿಲಿಗೆ ರೈಲು ಪ್ಲಾಟ್‌ಫಾರಂ ಸಂಖ್ಯೆ, ಮೂಲೆಯಲ್ಲಿ ಗೂಬೆ. ಆ ಫೋಟೊಗಳು ಈಗ ಎಲ್ಲರ ಮೊಬೈಲಿಗೂ ಬರುತ್ತವೆ. ನಮ್ಮ ಕಡೆಯೂ ಶಾಲೆಗಳ ಗೋಡೆ ಸುಮ್ಮನೆ ಕೂತಿಲ್ಲ. ಎಲ್‌ಕೆಜಿ ಕೊಠಡಿಗಳಲ್ಲಿ ಛೋಟಾ ಭೀಮ್ ಇದ್ದಾನೆ, ಮಿಕ್ಕಿ ಮೌಸ್ ಇದ್ದಾನೆ. ಸರ್ಕಾರಿ ಶಾಲೆಯ ಹೊರಗೋಡೆ ರೈಲು ಬೋಗಿಯಾಗಿದೆ, ಕೊಠಡಿಯ ಬಾಗಿಲು ಬೋಗಿಯ ಬಾಗಿಲಾಗಿದೆ. ಇಂಥ ಬಣ್ಣ ಕಂಡು ಮಕ್ಕಳು ಓಡಿ ಬರುತ್ತಾರೆಂದರೆ ಅದನ್ನು ಯಾರೂ ಬೇಡವೆನ್ನಬಾರದು.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಪುಸ್ತಕದ ಲೋಕವನ್ನು ಗೋಡೆಗೆ ತರುವ ಮೊದಲು ಆ ಪುಸ್ತಕ ಮಕ್ಕಳ ಕಿವಿಗೆ ಬಿದ್ದಿರಬೇಕು, ಕೈಗೆ ಸಿಕ್ಕಿರಬೇಕು. ಕಥೆ ಕೇಳದ ಮಗುವಿಗೆ ಗೂಬೆ ಬರೀ ಗೂಬೆ. ಪುಸ್ತಕ ಓದಿದ ನಾಲ್ಕು ಮಕ್ಕಳು ಆ ಕೋಣೆಯಲ್ಲಿ ಒಳಗಿನವರಾಗುತ್ತಾರೆ, ಉಳಿದ ಮೂವತ್ತು ಮಕ್ಕಳು ಬಟ್ಟೆ ಅಂಗಡಿಯ ಗಾಜಿನ ಮುಂದೆ ನಿಂತಂತೆ ನಿಲ್ಲುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಶಾಲೆಯ ಮುಖ ಕಂಡ ಮಕ್ಕಳೇ ಹೆಚ್ಚಿರುವ ಕಡೆ ಇದು ಸಣ್ಣ ವಿಷಯವಲ್ಲ.

ತರಗತಿಯ ಗೋಡೆ ಮಕ್ಕಳದು ಎಂಬ ವಿಚಾರ ಕರ್ನಾಟಕಕ್ಕೆ ಹೊರಗಿನಿಂದ ಬರಬೇಕಾಗಿಲ್ಲ. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿದ ನಲಿಕಲಿ ಪದ್ಧತಿ, 2009ರ ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರ ಕೊಠಡಿಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ನೆಲದಲ್ಲಿ ಕುಳಿತ ಮಗುವಿನ ಕೈಗೆ ಎಟಕುವಂತೆ ಗೋಡೆಯುದ್ದಕ್ಕೂ ಬರೆಯುವ ಹಲಗೆ. ಹವಾಮಾನ ನಕ್ಷೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸುವ ಕಲಿಕಾ ಏಣಿ. ತಲೆಯ ಮೇಲೆ ಅಡ್ಡಡ್ಡ ದಾರ ಕಟ್ಟಿ, ಮಕ್ಕಳು ಬರೆದದ್ದು, ಕತ್ತರಿಸಿದ್ದು, ಮಡಚಿದ್ದು ಎಲ್ಲವನ್ನೂ ತೂಗುಹಾಕುವ ಕಲಿಕಾ ಚಪ್ಪರ. ಈ ಚಪ್ಪರವನ್ನು ಕಲ್ಪಿಸಿದವರು ಯಾರೇ ಇರಲಿ, ಅವರಿಗೆ ಮಕ್ಕಳ ಮನಸ್ಸು ಗೊತ್ತಿತ್ತು. ತನ್ನ ಕೈಯಿಂದಾದ ಕಾಗದದ ಹಕ್ಕಿ ಗಾಳಿಗೆ ತಿರುಗುವುದನ್ನು ಮಗು ಎಷ್ಟು ಹೊತ್ತಾದರೂ ನೋಡುತ್ತದೆ. ಅದೇ ಚಪ್ಪರ ಎಷ್ಟೋ ಕಡೆ ಈಗ ಅಂಗಡಿಯಿಂದ ತಂದ ಬಣ್ಣದ ಕಾಗದದ ಮಾಲೆಯಾಗಿದೆ. ಗೋಡೆಯ ಮೇಲೆ ಫ್ಲೆಕ್ಸ್ ಬಂದು ಕೂತಿದೆ. ಅದನ್ನು ಮಗು ಅಳಿಸುವಂತಿಲ್ಲ, ತಿದ್ದುವಂತಿಲ್ಲ.

2022ರ ನವೆಂಬರಿನಲ್ಲಿ, ಸರ್ಕಾರಿ ಶಾಲೆಗಳಿಗೆ ‘ವಿವೇಕ’ ಯೋಜನೆಯಡಿ ಕಟ್ಟುವ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ವಿಚಾರ ರಾಜ್ಯದಲ್ಲಿ ದೊಡ್ಡ ವಾದ ಎಬ್ಬಿಸಿತು. ಹೊರಗೋಡೆಯ ಬಣ್ಣಕ್ಕೆ ಅಷ್ಟೊಂದು ಮಾತು ಖರ್ಚಾಯಿತು. ಒಳಗೋಡೆಯಲ್ಲಿ ಮಗು ದಿನಕ್ಕೆ ಆರು ಗಂಟೆ ಏನನ್ನು ನೋಡುತ್ತಾ ಕೂರಬೇಕು ಎಂಬುದರ ಬಗ್ಗೆ ಅದರ ಒಂದಂಶ ಮಾತೂ ಆಗಲಿಲ್ಲ.

ಒಳಗೋಡೆ ಎಷ್ಟು ತುಂಬಿರಬೇಕು ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅನ್ನಾ ಫಿಶರ್ ಮತ್ತು ಸಂಗಡಿಗರು 24 ಪುಟ್ಟ ಮಕ್ಕಳಿಗೆ ಒಂದೇ ಬಗೆಯ ವಿಜ್ಞಾನ ಪಾಠಗಳನ್ನು ಎರಡು ರೀತಿಯ ಕೋಣೆಯಲ್ಲಿ ಮಾಡಿಸಿದರು. ಒಂದು ಗೋಡೆ ತುಂಬ ಚಿತ್ರಗಳಿದ್ದ ಕೋಣೆ, ಇನ್ನೊಂದು ಬೋಳು ಗೋಡೆಯದು. ಸಿಂಗರಿಸಿದ ಕೋಣೆಯಲ್ಲಿ ಮಕ್ಕಳ ಗಮನ ಶೇ 38.6ರಷ್ಟು ಸಮಯ ಬೇರೆಡೆ ಹರಿಯಿತು. ಬೋಳು ಕೋಣೆಯಲ್ಲಿ ಅದು ಶೇ 28.4. ಪಾಠದ ನಂತರದ ಪರೀಕ್ಷೆಯಲ್ಲಿ ಸಿಂಗರಿಸಿದ ಕೋಣೆಯ ಸರಿ ಉತ್ತರ ಶೇ 42, ಬೋಳು ಕೋಣೆಯದು ಶೇ 55. ಇದು ಪ್ರಕಟವಾದದ್ದು 2014ರಲ್ಲಿ. ಮರುವರ್ಷ ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದವರು 27 ಶಾಲೆಗಳ 153 ತರಗತಿ ಕೋಣೆಗಳನ್ನು ಅಧ್ಯಯನ ಮಾಡಿ, ಗೋಡೆಯ ಐದರಲ್ಲಿ ಒಂದು ಭಾಗದಿಂದ ಅರ್ಧದವರೆಗೆ ಖಾಲಿ ಬಿಡುವುದು ಒಳ್ಳೆಯದು ಎಂದರು. ಇಪ್ಪತ್ತನಾಲ್ಕು ಮಕ್ಕಳ ಅಧ್ಯಯನವನ್ನು ವೇದವಾಕ್ಯ ಮಾಡಬೇಕಿಲ್ಲ. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಕರಿಹಲಗೆಯ ಗೋಡೆ ಶಾಂತವಾಗಿರಲಿ, ಹಿಂದಿನ ಗೋಡೆ ಕಥೆಗಿರಲಿ ಎಂಬಷ್ಟನ್ನಾದರೂ ಪಾಲಿಸಬಹುದು.

ಹಾಗಾದರೆ ಯಾವ ಕಥೆ? ಇಲ್ಲಿ ಸಿರುಗುಪ್ಪ, ಕುರುಗೋಡು, ಬಳ್ಳಾರಿ ನಗರ ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಸಿರುಗುಪ್ಪ ಎಂದರೆ ಭತ್ತ. ತುಂಗಭದ್ರೆಯ ನೀರು, ಗದ್ದೆ, ಅಕ್ಕಿ ಗಿರಣಿ. ಭತ್ತ ಇದ್ದ ಕಡೆ ಇಲಿ, ಹೆಗ್ಗಣ ಇದ್ದೇ ಇರುತ್ತವೆ. ಬದುವಿನ ಬಿಲ ಅಗೆದು ಗೊತ್ತಿರುವ ಮಕ್ಕಳು ಅಲ್ಲಿನ ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಅವರಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗಿಂತ ಹತ್ತಿರದ ಮಾಯಾಲೋಕ ಯಾವುದು? 1842ರಲ್ಲಿ ರಾಬರ್ಟ್ ಬ್ರೌನಿಂಗ್ ಬರೆದ ಜರ್ಮನಿಯ ಹ್ಯಾಮಲಿನ್ ಊರಿನ ಕಥೆಯನ್ನು ಕುವೆಂಪು ತುಂಗಾ ತೀರಕ್ಕೆ ತಂದರು, ಊರಿನ ಮೇಯರನನ್ನು ಗೌಡನನ್ನಾಗಿ ಮಾಡಿದರು. ಆ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಮುಂದೆ ಸಿರುಗುಪ್ಪದ ಗದ್ದೆಗಳ ಪಕ್ಕದಲ್ಲಿ ಹರಿಯುತ್ತಾಳೆ. ನಾಲ್ಕನೇ ತರಗತಿಯ ಹಿಂದಿನ ಗೋಡೆಯ ಮೇಲೆ ಉದ್ದಕ್ಕೆ ಒಂದು ನೀಲಿ ಪಟ್ಟಿ ಎಳೆದರೆ ಹೊಳೆಯಾಯಿತು. ಇಲಿಗಳನ್ನು ಒಬ್ಬೊಬ್ಬ ಮಗು ಒಂದೊಂದು ಬಗೆಯಲ್ಲಿ ಮಾಡಲಿ: ಕಪ್ಪು ಕಾಗದದ್ದು, ಗೋಣಿದಾರದ್ದು, ಗಿರಣಿಯಿಂದ ತಂದ ಹೊಟ್ಟನ್ನು ಅಂಟಿನ ಮೇಲೆ ಉದುರಿಸಿದ್ದು. ಒಂದು ಬಾಗಿಲು ಮಾತ್ರ ಬರೆಯದೆ ಉಳಿಯಲಿ. ಜೋಗಿಯ ಹಿಂದೆ ಹೋದ ಮಕ್ಕಳನ್ನು ಒಳಗೆ ಎಳೆದುಕೊಂಡು ಮುಚ್ಚಿಕೊಳ್ಳುವ ಬೆಟ್ಟದ ಬಾಗಿಲು ಅದು. ಅದರಾಚೆ ಏನಿದೆ ಎಂಬುದನ್ನು ಪ್ರತಿ ಮಗುವೂ ತಾನೇ ಬರೆದು ಆ ಬಾಗಿಲಿಗೆ ಅಂಟಿಸಬೇಕು. ಕಥೆಯಲ್ಲಿ ಮಾತು ಕೊಟ್ಟು ತಪ್ಪಿದ ಗೌಡನೂ ಇದ್ದಾನೆ, ನಡೆಯಲಾಗದೆ ಹಿಂದುಳಿದ ಒಬ್ಬ ಹುಡುಗನೂ ಇದ್ದಾನೆ. ಆ ಹುಡುಗನ ಮನಸ್ಸಿನಲ್ಲಿ ಏನಾಯಿತು ಎಂದು ಕೇಳಿದರೆ ಸಾಕು, ತರಗತಿಯಲ್ಲಿ ಎಂದೂ ಬಾಯಿ ಬಿಡದ ಮಗು ಮಾತಾಡೀತು.

ತೆಲುಗು ಮನೆಮಾತಿನ ಮಕ್ಕಳಿಗೂ ಇದು ಅನುಕೂಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಎಳೆದರೂ ಮನೆಯ ಮಾತು ಗಡಿಯಲ್ಲಿ ನಿಲ್ಲಲಿಲ್ಲ. ಗೋಡೆಯ ಮೇಲಿನ ಇಲಿಗೆ ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ತೆಲುಗಿನಲ್ಲಿ, ಮತ್ತೊಬ್ಬಳು ಉರ್ದುವಿನಲ್ಲಿ ಹೆಸರಿಡಬಹುದು. ಪಠ್ಯಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ, ಗೋಡೆಯಲ್ಲಿದೆ.

ಕುರುಗೋಡಿನ ಮಕ್ಕಳು ದೊಡ್ಡದನ್ನು ನೋಡುತ್ತಲೇ ಬೆಳೆಯುತ್ತಾರೆ. ಊರ ಸುತ್ತ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಬೆಟ್ಟ, ಹನ್ನೆರಡನೇ ಶತಮಾನದಲ್ಲಿ ಸಿಂದರು ಆಳಿದ ನೆಲ, ಗುಡಿಯೊಳಗೆ ತಲೆಯೆತ್ತಿ ನೋಡಬೇಕಾದ ಏಕಶಿಲೆಯ ದೊಡ್ಡಬಸವೇಶ್ವರ. ಈ ಊರಿಗೆ ಗಲಿವರನ ಕಥೆ ಹೇಳಿ ಮಾಡಿಸಿದಂತಿದೆ. 1726ರಲ್ಲಿ ಜೊನಾಥನ್ ಸ್ವಿಫ್ಟ್ ಬರೆದ ಆ ಕಥೆಯ ಒಳಗೆ ಒಂದು ಖಚಿತ ಲೆಕ್ಕವಿದೆ. ಲಿಲಿಪುಟ್ಟಿನ ಜನ ಸುಮಾರು ಆರು ಇಂಚು ಎತ್ತರ. ಅವರ ಲೋಕದ ಒಂದು ಇಂಚು ನಮ್ಮ ಹನ್ನೆರಡು ಇಂಚಿಗೆ ಸಮ. ಮುಂದಿನ ಪ್ರಯಾಣದಲ್ಲಿ ಗಲಿವರನಿಗೆ ಎದುರಾಗುವ ದೈತ್ಯರು ಅದೇ ಅಳತೆಯಲ್ಲಿ ಹನ್ನೆರಡು ಪಟ್ಟು ದೊಡ್ಡವರು. ಐದನೇ ತರಗತಿಯ ಮಕ್ಕಳಿಗೆ ಅಲಂಕಾರದ ಸಾಮಾನು ತರಿಸುವ ಅಗತ್ಯವೇ ಇಲ್ಲ. ಒಂದು ಸೀಮೆಸುಣ್ಣ, ಒಂದು ಟೇಪು ಸಾಕು. ಎಂಟು ಇಂಚಿನ ಪಾದವನ್ನು ಹನ್ನೆರಡು ಪಟ್ಟು ಮಾಡಿದರೆ ತೊಂಬತ್ತಾರು ಇಂಚು, ಅಂದರೆ ಎಂಟು ಅಡಿ. ಆ ಹೆಜ್ಜೆಯನ್ನು ತರಗತಿಯ ನೆಲದ ಮೇಲೆ ಬರೆದರೆ ಒಂದು ಬೆಂಚು, ಎರಡು ಚೀಲ, ಮೂರು ಮಕ್ಕಳು ಅದರೊಳಗೇ ಕೂರುತ್ತಾರೆ. ಕಿಟಕಿಯ ಬುಡದಲ್ಲಿ ಆರು ಇಂಚಿನವರ ಊರು: ಬೆಂಕಿಪೊಟ್ಟಣದ ಮನೆ, ಗುಂಡಿಯ ತಟ್ಟೆ. ಹಾಗಾದರೆ ದೈತ್ಯರ ಊರಿನ ಬಸವ ಎಷ್ಟು ದೊಡ್ಡದಿರಬೇಕು? ಗುಡಿಗೆ ಹೋಗಿ, ಪಕ್ಕದಲ್ಲಿ ಗೆಳೆಯನನ್ನು ನಿಲ್ಲಿಸಿ, ಕಣ್ಣಳತೆಯಲ್ಲಿ ಅಂದಾಜು ಮಾಡಿ, ಬಂದು ಗುಣಿಸಬೇಕು. ಗಣಿತದ ಅವಧಿ ಹೀಗೆ ಕಥೆಯೊಳಗಿಂದಲೇ ಹುಟ್ಟುತ್ತದೆ.

ಬಳ್ಳಾರಿ ನಗರದ ಕೈಯಲ್ಲಿ ಇನ್ನೂ ಹೆಚ್ಚಿನ ಸಂಪತ್ತಿದೆ. ಇದು ರಂಗನಟ ಬಳ್ಳಾರಿ ರಾಘವರ ಊರು, ರಂಗದ ಮೇಲೆ ಪರದೆ ಎದ್ದೊಡನೆ ಬೇರೊಂದು ಲೋಕ ತೆರೆದುಕೊಳ್ಳುತ್ತದೆ ಎಂಬುದನ್ನು ಕಂಡ ಊರು. ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಳ್ಳುವವರೆಗೂ ಈ ನೆಲದ ಕಲೆಯನ್ನು ದೂರದೂರಕ್ಕೆ ಕೊಂಡೊಯ್ದರು. ತೊಗಲುಗೊಂಬೆಯ ತಂತ್ರ ಸರಳ: ಬೆಳಕು ದಾಟುವಷ್ಟು ತೆಳುವಾಗಿ ಹದ ಮಾಡಿದ ಚರ್ಮ, ಅದಕ್ಕೆ ಬಣ್ಣ, ತೂತುಗಳ ಕುಸುರಿ, ಮುಂದೆ ಬಿಳಿ ಪರದೆ, ಹಿಂದೆ ದೀಪ. ತರಗತಿಯಲ್ಲಿ ಚರ್ಮದ ಬದಲು ರಟ್ಟು, ದೀಪದ ಬದಲು ಟಾರ್ಚು, ಪರದೆಗೆ ಒಂದು ಹಳೆಯ ಪಂಚೆ. ಮಾಯಲ ಫಕೀರನನ್ನು, ಅವನ ಮಾಯೆಯಿಂದ ನಾಯಿಯಾದ ಬಾಲನಾಗಮ್ಮನನ್ನು, ಪೊಟರೆಯ ಗಿಳಿಯನ್ನು ಏಳನೇ ತರಗತಿಯವರು ಕತ್ತರಿಸಿ ನಿಲ್ಲಿಸಬಲ್ಲರು. ಹ್ಯಾರಿ ಪಾಟರ್ ಕಥೆಯ ದುಷ್ಟ ಮಾಂತ್ರಿಕನ ಲಾಕೆಟ್ಟೂ ಅದೇ ಪರದೆಯ ಮೇಲೆ ಬರಲಿ. ಯಾರ ಪ್ರಾಣ ಎಲ್ಲಿದೆ ಎಂದು ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಸಾಹಿತ್ಯ ಪಾಠ ಬೇರೆ ಯಾವುದಿದೆ? ಏಳು ಸಮುದ್ರಕ್ಕೆ ನೀಲಿ ಬೇಕು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕತ್ತರಿಸಿ ಬಿಸಾಡುವ ಚೂರು ಬಟ್ಟೆಯಲ್ಲಿ ಕಡುನೀಲಿಯಿಂದ ತಿಳಿನೀಲಿಯವರೆಗೆ ಎಲ್ಲವೂ ಇದೆ, ಏಳು ಸಮುದ್ರಕ್ಕೆ ಏಳು ನೀಲಿ. ಅಪ್ಪ ಕಟಿಂಗ್ ಟೇಬಲ್ಲಿನಲ್ಲೋ ಅಮ್ಮ ಹೊಲಿಗೆ ಯಂತ್ರದ ಮುಂದೆಯೋ ದಿನವಿಡೀ ಹಿಡಿಯುವ ಬಟ್ಟೆ ಶಾಲೆಯ ಗೋಡೆಯ ಮೇಲೆ ಸಮುದ್ರವಾಗುವುದನ್ನು ನೋಡುವ ಮಗುವಿಗೆ ತನ್ನ ಮನೆಯ ದುಡಿಮೆಯ ಬಗ್ಗೆ ಹೆಮ್ಮೆ ಹುಟ್ಟುತ್ತದೆ.

ನಗರದ ಅಂಚಿನಲ್ಲೇ ಸಂಗನಕಲ್ಲು, ಕಪ್ಪಗಲ್ಲುಗಳ ಬೆಟ್ಟಗಳಿವೆ. ಅಲ್ಲಿನ ಕಪ್ಪು ಡೋಲರೈಟ್ ಬಂಡೆಗಳ ಮೇಲೆ ನವಶಿಲಾಯುಗದ ಜನ ಕೆತ್ತಿದ ಉದ್ದ ಕೊಂಬಿನ ಎತ್ತುಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಹಿಂದಿನವರು ತಟ್ಟಿ ತಟ್ಟಿ ಬಿದ್ದ ಗುಳಿಗಳೂ ಉಳಿದಿವೆ. 2004ರಲ್ಲಿ ನಿಕೋಲ್ ಬೋಯಿವಿನ್ ಈ ಬಗ್ಗೆ ಬರೆದಾಗ ಜಗತ್ತಿನ ಪುರಾತತ್ವಜ್ಞರು ತಿರುಗಿ ನೋಡಿದರು. ಹಾಡುವ ಕಲ್ಲು ಯಾವ ಕಾದಂಬರಿಯಲ್ಲಿದ್ದರೂ ಮಕ್ಕಳು ಬೆರಗಾಗುತ್ತಾರೆ. ಬಳ್ಳಾರಿಯ ಮಕ್ಕಳಿಗೆ ಅದು ಬಸ್ಸಿನ ದೂರದಲ್ಲಿದೆ. ಇತಿಹಾಸಪೂರ್ವ ಕಾಲದ ಸಂಶೋಧಕ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವೂ ಊರೊಳಗೇ ಇದೆ. ಆ ಎತ್ತುಗಳನ್ನು ಕಪ್ಪು ಕಾಗದದ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದು ತರಗತಿಯ ಒಂದು ಗೋಡೆಗೆ ಹಚ್ಚಿ, ಅವುಗಳ ಕಥೆಯನ್ನು ಮಕ್ಕಳೇ ಕಟ್ಟಲಿ. ಅಲ್ಲಿನ ನಿಜವಾದ ಬಂಡೆಗಳ ಮೇಲೆ ಮಾತ್ರ ಯಾರೂ ಹೆಸರು ಕೆತ್ತಬಾರದು ಎಂಬುದನ್ನೂ ಅದೇ ಪಾಠದಲ್ಲಿ ಕಲಿಯಲಿ.

ಒಂದು ಆಕ್ಷೇಪ ಬರುತ್ತದೆ, ಬರಬೇಕಾದ ಆಕ್ಷೇಪವೇ. ಮಾಟಮಂತ್ರದ ವಿರುದ್ಧ 2017ರಲ್ಲಿ ಕಾಯ್ದೆ ಮಾಡಿ 2020ರಿಂದ ಜಾರಿಗೆ ತಂದ ರಾಜ್ಯದಲ್ಲಿ, ಶಾಲೆಯ ಗೋಡೆಗೆ ಮಾಂತ್ರಿಕನನ್ನು ತರುವುದೇ? ತಾಯತ, ತಡೆಗಳಿಗೆ ಹೆದರುವ ಮನೆಗಳಿಂದ ಬಂದ ಮಕ್ಕಳ ಮುಂದೆ ಇದು ಬೇಕೆ? ಬೇಕು, ಅದೇ ಕಾರಣಕ್ಕೆ ಬೇಕು. ಫಕೀರನನ್ನು ತಾನೇ ಕತ್ತರಿಸಿ, ಕಡ್ಡಿ ಅಂಟಿಸಿ, ಟಾರ್ಚಿನ ಮುಂದೆ ಆಡಿಸಿದ ಹುಡುಗಿಗೆ ಮಾಯೆ ಹೇಗೆ ಕಟ್ಟಲ್ಪಡುತ್ತದೆ ಎಂಬುದು ಗೊತ್ತಾಗಿರುತ್ತದೆ. ನಾಳೆ ನಿಂಬೆಹಣ್ಣು ಹಿಡಿದು ಯಾರಾದರೂ ಹೆದರಿಸಲು ಬಂದರೆ ಅವಳು ಪರದೆಯ ಹಿಂದೆ ಏನಿದೆ ಎಂದು ನೋಡಲು ಹೋಗುತ್ತಾಳೆ. ಕಥೆ ಕಥೆಯೆಂದು ತಿಳಿದು ಕೇಳಿದ ಮಕ್ಕಳು ಮೋಸಕ್ಕೆ ಬೀಳುವುದು ಕಡಿಮೆ ಎಂದೇ ನಂಬಬೇಕು.

ಹ್ಯಾರಿ ಪಾಟರ್ ಕಥೆಯ ಶಾಲೆಯಲ್ಲಿ ಮಾಡುವಂತೆ ಮಕ್ಕಳನ್ನು ಮನೆತನಗಳಿಗೆ ಹಂಚಿ, ಒಂದು ಗುಂಪು ಧೀರರು, ಇನ್ನೊಂದು ಕುತಂತ್ರಿಗಳು ಎಂದು ಹಣೆಪಟ್ಟಿ ಕಟ್ಟುವುದನ್ನು ಮಾತ್ರ ಬಿಟ್ಟುಬಿಡಬೇಕು. ಜಾತಿಯ ಹೆಸರಿನಲ್ಲಿ ಹಣೆಪಟ್ಟಿ ಹೊತ್ತೇ ಬರುವ ಮಕ್ಕಳಿಗೆ ಶಾಲೆಯಲ್ಲಿ ಇನ್ನೊಂದು ಬೇಡ.

ಇನ್ನು ದುಡ್ಡು. ಸಮಗ್ರ ಶಿಕ್ಷಣ ಯೋಜನೆಯ ನಿಯಮದಂತೆ ಮೂವತ್ತರಿಂದ ನೂರು ಮಕ್ಕಳಿರುವ ಶಾಲೆಗೆ ವರ್ಷದ ಅನುದಾನ 25,000 ರೂಪಾಯಿ. ಸೀಮೆಸುಣ್ಣ, ರಿಪೇರಿ, ಸ್ವಚ್ಛತೆ, ಕರೆಂಟು ಎಲ್ಲವೂ ಅದರಲ್ಲೇ ಆಗಬೇಕು. ಕಿರಿಯ ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ ಸಿಗುವುದು 5,000 ರೂಪಾಯಿ. ಇಂಥ ಲೆಕ್ಕದಲ್ಲಿ ಶಿಕ್ಷಕಿ ತನ್ನ ಸಂಬಳದಿಂದ ಚಾರ್ಟು, ಅಂಟು, ಬಣ್ಣ ತರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರ ಪ್ರೀತಿಗೆ ಕೈಮುಗಿಯಬೇಕು. ಆದರೆ ಆ ಪ್ರೀತಿಯನ್ನೇ ನಿಯಮ ಮಾಡಿ, ಪಕ್ಕದ ಶಾಲೆಯ ಫೋಟೊ ತೋರಿಸಿ, ನಿಮ್ಮಲ್ಲಿ ಯಾಕಿಲ್ಲ ಎಂದು ಕೇಳುವುದು ಅನ್ಯಾಯ. ದಾನಿಗಳು, ಹಳೆಯ ವಿದ್ಯಾರ್ಥಿಗಳು, ಗಣಿ ಬಾಧಿತ ಪ್ರದೇಶದ ನಿಧಿ ಯಾವುದೇ ಇರಲಿ, ಬಣ್ಣದ ಡಬ್ಬಿಗೆ ಮುಂಚೆ ಪುಸ್ತಕದ ಕಟ್ಟು ಬರಲಿ. ಒಂದೇ ಪುಸ್ತಕದ ಹತ್ತು ಪ್ರತಿ ಬೇಕು, ಮೂರು ಮಕ್ಕಳು ಒಂದರ ಮೇಲೆ ಬಗ್ಗಿ ಓದುವಷ್ಟು. ಗಾಜಿನ ಬೀರುವಿನಲ್ಲಿ ಬೀಗ ಹಾಕಿದ ನೂರು ಬೇರೆ ಬೇರೆ ಪುಸ್ತಕಗಳಿಗಿಂತ ಅವು ಹೆಚ್ಚು ಕೆಲಸ ಮಾಡುತ್ತವೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಎಷ್ಟೋ ಗ್ರಂಥಾಲಯಗಳ ಗೋಡೆಗಳು ಆಗಲೇ ಚಿತ್ರಗಳಿಂದ ತುಂಬಿವೆ. ಶಾಲೆಯ ಗೋಡೆಯ ಕಥೆ ಮತ್ತು ಪಂಚಾಯಿತಿ ಗ್ರಂಥಾಲಯದ ಕಪಾಟು ಒಂದಕ್ಕೊಂದು ಜೋಡಿಯಾದರೆ ಖರ್ಚು ಅರ್ಧ.

ರವೀಂದ್ರನಾಥ ಟ್ಯಾಗೋರರ ಗಿಳಿಯ ಕಥೆಯನ್ನು ಆಧರಿಸಿ ಬಿ.ವಿ. ಕಾರಂತರು ‘ಪಂಜರಶಾಲೆ’ ಎಂಬ ಮಕ್ಕಳ ನಾಟಕ ಮಾಡಿದರು. ರಾಜನ ಆಜ್ಞೆಯಂತೆ ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ತಯಾರಾಗುತ್ತದೆ, ನೋಡಲು ಬಂದವರೆಲ್ಲ ಪಂಜರವನ್ನು ಹೊಗಳುತ್ತಾರೆ, ಗಿಳಿ ಹೇಗಿದೆ ಎಂದು ಕೇಳುವವರಿಲ್ಲ. ಸಿಆರ್‌ಪಿ, ಬಿಇಒ ಮುಂತಾದ ಶಿಕ್ಷಣ ಇಲಾಖೆಯವರು ಶಾಲೆಗೆ ಭೇಟಿ ಕೊಟ್ಟಾಗ ಸಿಂಗರಿಸಿದ ಗೋಡೆಯ ಫೋಟೊ ತೆಗೆದುಕೊಳ್ಳುವ ಮೊದಲು ಒಂದು ಮಗುವನ್ನು ಆ ಗೋಡೆಯ ಮುಂದೆ ನಿಲ್ಲಿಸಿ, ಇದೇನು ಕಥೆ ಹೇಳು ಎಂದು ಕೇಳಬೇಕು. ಮಗು ಐದು ನಿಮಿಷ ಹೇಳಿದರೆ ಅಲಂಕಾರ ಸಾರ್ಥಕ. ಹೇಳದಿದ್ದರೆ ಶಿಕ್ಷಕರನ್ನು ಗದರುವುದು ಬೇಡ. ವಾರಕ್ಕೆ ಎರಡು ಅವಧಿ ಗಟ್ಟಿಯಾಗಿ ಕಥೆ ಓದಲು ವೇಳಾಪಟ್ಟಿಯಲ್ಲಿ ಜಾಗ ಮಾಡಿಕೊಟ್ಟು ಹೋಗಲಿ.

ಶಾಲೆ ಶುರುವಾದ ಮೊದಲ ತಿಂಗಳು ಗೋಡೆಗೆ ಏನನ್ನೂ ಹಚ್ಚದೆ ಬರೀ ಓದುವುದು, ಎರಡನೇ ತಿಂಗಳಿಂದ ಮಕ್ಕಳ ಕೈಗೆ ಕತ್ತರಿ, ರಟ್ಟು ಕೊಡುವುದು, ದಸರಾ ರಜೆಗೆ ಮುಂಚೆ ಪೋಷಕರನ್ನು ಕರೆದು ಮಕ್ಕಳಿಂದಲೇ ಕಥೆ ಹೇಳಿಸುವುದು, ರಜೆ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮಕ್ಕಳಿಗೇ ಕೊಟ್ಟು ಹೊಸ ಪುಸ್ತಕ ತೆಗೆಯುವುದು. ಸಿರುಗುಪ್ಪ, ಕುರುಗೋಡು, ಬಳ್ಳಾರಿ ತಾಲ್ಲೂಕುಗಳಲ್ಲಿ ತಲಾ ಹತ್ತು ಶಾಲೆಗಳು ಬರುವ ಜೂನ್‌ನಿಂದ ಇದನ್ನು ಮಾಡಿ ನೋಡಲಿ. ಯಾವ ಪುಸ್ತಕ ಎಂಬುದನ್ನು ಆಯಾ ಶಾಲೆಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಕೂತು ತೀರ್ಮಾನಿಸಲಿ. ಕಥೆ ಗೊತ್ತಿರುವ ಒಬ್ಬ ಅಜ್ಜಿಯನ್ನೂ ಆ ಸಭೆಗೆ ಕರೆಯಲಿ.